ಬಿಸಿಲಲ್ಲಿ ಟ್ರೈನಿಂಗ್ ಮಾಡಿದ್ರೆ ಸೈನಿಕರ ಇಮ್ಯೂನಿಟಿ ನಿಜವಾಗ್ಲೂ ಕಮ್ಮಿ ಆಗತ್ತಾ?

ತಮ್ಮನ_ಅಕ್ಕ
ಎಲ್ರಿಗೂ ನಮಸ್ಕಾರ, ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ. ನನ್ನ ತಮ್ಮ ಸೈನ್ಯಕ್ಕೆ ಸೇರಿ ಎಂಟು ವಾರ ಆಯ್ತು, ಬೇಸಿಕ್ ಟ್ರೈನಿಂಗ್ ನಡೀತಿದೆ. ಮನೇಲಿದ್ದಾಗ ವರ್ಷಕ್ಕೊಂದು ನೆಗಡಿ ಬಂದ್ರೆ ಹೆಚ್ಚು ಅನ್ನೋ ಹುಡುಗ, ಈ ಎಂಟು ವಾರದಲ್ಲಿ ಮೂರು ಸಲ ಗಂಟ್ಲು ಕಟ್ಕೊಂಡು ಕೆಮ್ಮು ಬಂತು ಅಂತಾನೆ. ಕತ್ತಲಲ್ಲೇ ಎದ್ದು ಓಟ, ಆಮೇಲೆ ಬಿಸಿಲಲ್ಲಿ ಡ್ರಿಲ್, ಬೆನ್ನಿಗೆ ತೂಕ ಹೊತ್ಕೊಂಡು ಮಾರ್ಚ್. ವ್ಯಾಯಾಮ ಮಾಡಿದ್ರೆ ರೋಗ ನಿರೋಧಕ ಶಕ್ತಿ ಜಾಸ್ತಿ ಆಗತ್ತೆ ಅಂತ ಚಿಕ್ಕಂದಿನಿಂದ ಕೇಳ್ಕೊಂಡು ಬಂದಿದೀವಿ, ಹಾಗಿದ್ರೆ ದಿನಾ ಇಷ್ಟು ಬೆವರು ಸುರಿಸೋ ಹುಡುಗರಿಗೆ ಯಾಕೆ ಪದೇ ಪದೇ ಕಾಯಿಲೆ? ಬಿಸಿಲಿನ ಕಾವೇ ಏನಾದ್ರೂ ಮಾಡ್ತಿದೆಯಾ? ಇನ್ನೊಂದು ವಿಷ್ಯ, ಹೋದ ವಾರ ಮೈ ಬಿಸಿ ಇದ್ರೂ ಮಾತ್ರೆ ನುಂಗಿ ಮಾರ್ಚ್ ಮಾಡ್ದೆ ಅಂದ. ಸಿಕ್ ರಿಪೋರ್ಟ್ ಮಾಡಿದ್ರೆ ಬ್ಯಾಚಿಂದ ಹಿಂದೆ ಬೀಳ್ತೀನಿ ಅನ್ನೋ ಭಯ ಅವನಿಗೆ. ಅದು ಕೇಳಿದಾಗಿಂದ ನನಗೆ ಸರಿಯಾಗಿ ನಿದ್ದೆ ಇಲ್ಲ.

ಓಟದ_ಹುಚ್ಚು
ಅಕ್ಕ, ಇದು ನಮ್ಮಂಥ ದೂರದ ಓಟದವರಿಗೆ ಚೆನ್ನಾಗಿ ಗೊತ್ತಿರೋ ವಿಷಯ. ಹದವಾಗಿ ವ್ಯಾಯಾಮ ಮಾಡಿದ್ರೆ ಸೋಂಕು ಕಮ್ಮಿ, ಮಿತಿ ಮೀರಿದ್ರೆ ಸುಮ್ನೆ ಕೂತವರಿಗಿಂತ ಜಾಸ್ತಿ. ಗ್ರಾಫ್ ಹಾಕಿದ್ರೆ ಇಂಗ್ಲಿಷ್ ಜೆ ಅಕ್ಷರದ ಥರ ಕಾಣತ್ತೆ. 1987ರ ಲಾಸ್ ಏಂಜಲೀಸ್ ಮ್ಯಾರಥಾನ್ ಓಡಿದವರನ್ನ ಡೇವಿಡ್ ನೀಮನ್ ಅನ್ನೋ ವಿಜ್ಞಾನಿ ವಿಚಾರಿಸಿದಾಗ, ಓಡಿದವರಲ್ಲಿ 12.9 ಪರ್ಸೆಂಟ್ ಜನ ಮುಂದಿನ ವಾರದಲ್ಲಿ ಹುಷಾರಿಲ್ಲ ಅಂದ್ರಂತೆ, ಅಷ್ಟೇ ತಯಾರಿ ಮಾಡಿ ಬೇರೆ ಕಾರಣಕ್ಕೆ ಓಡದೇ ಇದ್ದವರಲ್ಲಿ ಬರೀ 2.2 ಪರ್ಸೆಂಟ್. ದೊಡ್ಡ ದಣಿವಾದ್ಮೇಲೆ ಕೆಲವು ಗಂಟೆ ದೇಹದ ಕಿಟಕಿ ತೆರೆದಿರತ್ತೆ, ಆ ಹೊತ್ತಲ್ಲಿ ವೈರಸ್ ನುಗ್ಗತ್ತೆ ಅಂತ ಹೇಳ್ತಾರೆ. ಸೈನಿಕರಿಗೆ ದಿನಾ ಮ್ಯಾರಥಾನೇ ಅಲ್ವಾ.

ಜೀವಕೋಶ
ನಾನು ವ್ಯಾಯಾಮದ ಶರೀರಶಾಸ್ತ್ರ ಓದಿದವಳು, ರಕ್ತದ ಸ್ಯಾಂಪಲ್ ನೋಡೋದೇ ಕೆಲಸ, ಅದಕ್ಕೆ ಈ ಕಿಟಕಿ ಕತೆ ಬಗ್ಗೆ ಸ್ವಲ್ಪ ಹೇಳ್ತೀನಿ. ಓಡೋಕೆ ಶುರು ಮಾಡಿದ ತಕ್ಷಣ ಅಡ್ರಿನಲಿನ್ ಏರತ್ತೆ, ರಕ್ತನಾಳದ ಗೋಡೆಗೆ ಅಂಟ್ಕೊಂಡಿದ್ದ, ಗುಲ್ಮದಲ್ಲಿ ಕೂತಿದ್ದ ಬಿಳಿ ರಕ್ತಕಣಗಳೆಲ್ಲ ಕಿತ್ಕೊಂಡು ಹರಿವಿಗೆ ಬರ್ತವೆ, ಅದ್ರಲ್ಲೂ ವೈರಸ್ ಹಿಡಿದ ಜೀವಕೋಶಗಳನ್ನ ಕೊಲ್ಲೋ ಎನ್‌ಕೆ ಕಣಗಳು ಹಲವು ಪಟ್ಟು ಜಾಸ್ತಿ ಕಾಣ್ತವೆ. ಓಟ ನಿಲ್ಲಿಸಿ ಒಂದೆರಡು ಗಂಟೆಗೆ ಕಾರ್ಟಿಸಾಲ್ ಅನ್ನೋ ಸ್ಟ್ರೆಸ್ ಹಾರ್ಮೋನು ತನ್ನ ಕೆಲಸ ಮಾಡತ್ತೆ, ಆಗ ಸೂಜಿ ಚುಚ್ಚಿ ನೋಡಿದ್ರೆ ಲಿಂಫೋಸೈಟ್ ಅನ್ನೋ ಬಿಳಿ ಕಣಗಳ ಸಂಖ್ಯೆ ಮೊದಲಿಗಿಂತಲೂ ಕೆಳಗೆ. ಹಿಂದೆ ಇದನ್ನ ನೋಡಿ ಕಣಗಳು ಸತ್ತವು, ರಕ್ಷಣೆ ಕುಸೀತು ಅಂದ್ಕೊಂಡ್ರು. ಆದ್ರೆ ಬ್ಯಾರಕ್ ಖಾಲಿ ಇದೆ ಅಂದ್ರೆ ಸೈನಿಕರು ಸತ್ರು ಅಂತ ಅರ್ಥವಾ? ಗಸ್ತಿಗೆ ಹೋಗಿರ್ತಾರೆ. ಈ ಕಣಗಳೂ ಶ್ವಾಸಕೋಶ, ಕರುಳು ಅಂತ ರೋಗಾಣು ಬರೋ ಜಾಗಗಳಿಗೆ ಹೋಗಿರ್ತವೆ ಅನ್ನೋದಕ್ಕೆ ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಆಧಾರ ಇದೆ. 2018ರಲ್ಲಿ ಕ್ಯಾಂಪ್‌ಬೆಲ್ ಮತ್ತು ಟರ್ನರ್ ಅನ್ನೋ ಇಬ್ರು ಇದನ್ನೇ ಎತ್ತಿ ಹಿಡಿದು ವ್ಯಾಯಾಮದಿಂದ ಇಮ್ಯೂನಿಟಿ ಕುಸಿಯತ್ತೆ ಅನ್ನೋದು ಮಿಥ್ಯೆ ಅಂತ ಬರೆದ್ರು, ಅದ್ರ ಬಗ್ಗೆ ದೊಡ್ಡ ಜಗಳಾನೇ ನಡೀತು.

ಮ್ಯಾರಥಾನ್ ಲೆಕ್ಕದ ವಿಷ್ಯ, ಅದು ಜನ ತಾವೇ ಹೇಳ್ಕೊಂಡಿದ್ದು. ಒಣ ಗಾಳಿ ಗಂಟೆಗಟ್ಲೆ ಬಾಯಲ್ಲಿ ಎಳ್ಕೊಂಡ್ರೆ ಗಂಟ್ಲು ಉರಿಯತ್ತೆ, ಅದೂ ಸೋಂಕಿನ ಲೆಕ್ಕಕ್ಕೆ ಸೇರಿರಬಹುದು, ಸಾವಿರಾರು ಜನರ ಗುಂಪಲ್ಲಿ ನಿಂತಿದ್ದೂ ಕಾರಣ ಇರಬಹುದು. ಹಾಗಂತ ಆ ಅಂಕಿ ಸುಳ್ಳು ಅಂತಿಲ್ಲ, ಕಾರಣ ಬೇರೆ ಇರಬಹುದು ಅಂತಿದೀನಿ.

ಓಟದ_ಹುಚ್ಚು
ಒಪ್ತೀನಿ ಸ್ವಲ್ಪ ಮಟ್ಟಿಗೆ, ಆದ್ರೆ ಜೊಲ್ಲಲ್ಲಿರೋ ಐಜಿಎ ಆಂಟಿಬಾಡಿ ವಾರಗಟ್ಲೆ ಕಠಿಣ ತಯಾರಿ ನಡೆದಾಗ ಇಳಿಯೋದು ಕ್ರೀಡಾಪಟುಗಳಲ್ಲೂ ಸೈನಿಕರಲ್ಲೂ ಕಂಡಿದೆ ಅಲ್ವಾ ಮೇಡಂ? ಮೂಗು ಗಂಟ್ಲಿನ ಮೊದಲ ಕಾವಲು ಅದೇ ತಾನೇ.

ಜೀವಕೋಶ
ಹೌದು, ಅದು ನಿಜ, ಅದನ್ನ ತಳ್ಳಿ ಹಾಕಲ್ಲ. ಈಜು, ಸೈಕಲ್, ಓಟ ಮೂರೂ ಇರೋ ಹಾಫ್ ಟ್ರಯಥ್ಲಾನ್ ಮುಗಿಸಿದವರಿಗೆ ಚರ್ಮದಲ್ಲಿ ಪರೀಕ್ಷೆ ಮಾಡಿದಾಗ ಜೀವಕೋಶಗಳ ಪ್ರತಿಕ್ರಿಯೆ ಮಂಕಾಗಿತ್ತು, ಆದ್ರೆ ಅವರಿಗೇ ಟೆಟನಸ್ ಡಿಫ್ತೀರಿಯಾ ಲಸಿಕೆ ಕೊಟ್ಟಾಗ ಆಂಟಿಬಾಡಿ ಸರಿಯಾಗೇ ಬಂತು. ಅಂದ್ರೆ ಒಂದು ಕಡೆ ಇಳೀತು, ಇನ್ನೊಂದು ಕಡೆ ಏನೂ ಆಗ್ಲಿಲ್ಲ. ಇಮ್ಯೂನಿಟಿ ಅನ್ನೋದು ಒಂದೇ ಮೀಟರ್ ಥರ ಏರೋದು ಇಳಿಯೋದಲ್ಲ, ಅದಕ್ಕೆ ನೂರು ಕೈ.

ಹಳೇ_ಬೂಟು
ನಾ 17 ವರ್ಷ ಸರ್ವಿಸ್ ಮಾಡೇನಿ, ಅದರಾಗ ನಾಕು ವರ್ಷ ರಿಕ್ರೂಟ್ ಹುಡುಗೂರಿಗೆ ಟ್ರೈನಿಂಗ್ ಕೊಟ್ಟೇನಿ. ತಂಗಿ, ನೀವು ಓಟ ಬಿಸಿಲು ಎರಡೇ ಹೇಳೀರಿ, ಉಳಿದದ್ದು ಯಾರೂ ಕೇಳವಲ್ಲರು. ಒಂದು ಬ್ಯಾರಕ್ಕಿನ್ಯಾಗ ನಾಲ್ವತ್ತು ಐವತ್ತು ಹುಡುಗೂರು ಮಂಚಕ್ಕ ಮಂಚ ಹಚ್ಚಿ ಮಲಗತಾರ, ಒಬ್ಬ ಕೆಮ್ಮಿದ್ರ ವಾರದಾಗ ಅರ್ಧ ಬ್ಯಾರಕ್ ಕೆಮ್ಮತದ. ರಾತ್ರಿ ಪಹರೆ ಬ್ಯಾರೆ ಇರತದ, ನಿದ್ದಿ ನಾಕೈದು ತಾಸು ಸಿಕ್ಕರ ಭಾಳ. ಊಟಕ್ಕ ಹತ್ತು ಹದಿನೈದು ನಿಮಿಷ, ಅರ್ಧ ಹೊಟ್ಟಿಗೆ ಎದ್ದು ಓಡೂದು. ಬ್ಯಾರೆ ಬ್ಯಾರೆ ಊರಿಂದ ಬಂದ ಹುಡುಗೂರು ತಮ್ಮ ತಮ್ಮ ಊರಿನ ಜಂತು ಹೊತಗೊಂಡು ಬಂದಿರತಾರ. ನನಗ ಅನಸೂದು ಏನಂದ್ರ ಬಿಸಲು ಒಬ್ಬಂದೇ ತಪ್ಪಲ್ಲ, ಎಲ್ಲಾ ಕೂಡಿ ಹುಡುಗನ್ನ ಹಣ್ಣು ಮಾಡತಾವ.

ಜೀವಕೋಶ
ಸರ್, ನೀವು ನಾಲ್ಕು ಸಾಲಲ್ಲಿ ಹೇಳಿದ್ದನ್ನ ಸಂಶೋಧಕರು ಇಪ್ಪತ್ತು ಮೂವತ್ತು ವರ್ಷ ಅಳೆದಿದಾರೆ. ನಾರ್ವೆ ಸೈನ್ಯದ ರೇಂಜರ್ ಕೋರ್ಸಲ್ಲಿ ಒಂದು ವಾರದ ಹತ್ರ ಹಗಲೂ ರಾತ್ರಿ ಕೆಲಸ, ಹೆಚ್ಚುಕಮ್ಮಿ ಊಟ ನಿದ್ದೆ ಇಲ್ಲ, ಅಲ್ಲಿ ಬಿಳಿ ಕಣಗಳಲ್ಲೇ ಒಂದು ಥರ ಆದ ನ್ಯೂಟ್ರೋಫಿಲ್‌ಗಳು ಏರಿದ್ವು, ಲಿಂಫೋಸೈಟ್‌ಗಳು ಸುಮಾರು ಮೂರನೇ ಒಂದು ಭಾಗ ಇಳಿದ್ವು, ರಕ್ತದ ಆಂಟಿಬಾಡಿಗಳೂ ಇಳಿದ್ವು. ಅಮೆರಿಕದ ರೇಂಜರ್ ಶಾಲೆ ಎಂಟು ವಾರದ್ದು, 1991ರಲ್ಲಿ ಅಲ್ಲಿ ಹುಡುಗರ ತೂಕ ಸರಾಸರಿ 15 ಪರ್ಸೆಂಟ್ ಹತ್ರ ಇಳಿದಿತ್ತು, ಟಿ ಕಣಗಳಿಗೆ, ಅವೂ ಒಂದು ಥರ ಲಿಂಫೋಸೈಟೇ, ಲ್ಯಾಬಲ್ಲಿ ಪ್ರಚೋದನೆ ಕೊಟ್ರೆ ಮೊದಲಿನ ಹಾಗೆ ಎದ್ದು ನಿಲ್ತಾ ಇರ್ಲಿಲ್ಲ. ಮುಂದಿನ ವರ್ಷ ಟ್ರೈನಿಂಗ್ ಹಾಗೇ ಇಟ್ಟು ಊಟ ಮಾತ್ರ ದಿನಕ್ಕೆ ಕೆಲವು ನೂರು ಕ್ಯಾಲೊರಿ ಹೆಚ್ಚಿಸಿದ್ರು. ತೂಕ ಇಳಿಯೋದು ಕಮ್ಮಿ ಆಯ್ತು, ಟಿ ಕಣಗಳ ಕುಸಿತಾನೂ ಕಮ್ಮಿ ಆಯ್ತು. ನನಗೆ ಈ ಇಡೀ ವಿಷಯದಲ್ಲಿ ತುಂಬಾ ಮುಖ್ಯ ಅನ್ಸೋದು ಇದೇ, ಓಟ ಕಮ್ಮಿ ಮಾಡದೇ ಬರೀ ತಟ್ಟೆ ಸರಿ ಮಾಡಿದ್ದಕ್ಕೆ ರಕ್ಷಣೆ ಒಂದಿಷ್ಟು ಉಳ್ಕೊಳ್ತು.

ನಿದ್ದೆಗೂ ಹಾಗೇ. ಆರೋಗ್ಯವಂತ 164 ಜನರ ಮೂಗಿಗೆ ನೆಗಡಿ ವೈರಸ್ ಹನಿ ಹಾಕಿ ನೋಡಿದಾಗ, ಹಿಂದಿನ ವಾರ 6 ಗಂಟೆಗಿಂತ ಕಮ್ಮಿ ಮಲಗಿದವರಿಗೆ 7 ಗಂಟೆಗಿಂತ ಹೆಚ್ಚು ಮಲಗಿದವರಿಗಿಂತ ನಾಲ್ಕು ಪಟ್ಟು ಹೆಚ್ಚು ನೆಗಡಿ ಹಿಡೀತು.

ವಾರ್ಡಿನ_ಬೆಳಕು
ನಾನು ನರ್ಸ್, ಸೇನಾ ಆಸ್ಪತ್ರೆಯೊಂದರಲ್ಲಿ ಕೆಲಸ ಮಾಡಿದೀನಿ. ಬ್ಯಾರಕ್ ಸೋಂಕಿನ ಮಾತು ಬಂತಲ್ಲ, ಅಡಿನೋವೈರಸ್ ಕತೆ ಕೇಳಿ. ಅಮೆರಿಕದ ರಿಕ್ರೂಟ್ ಕ್ಯಾಂಪ್‌ಗಳಲ್ಲಿ 4 ಮತ್ತು 7ನೇ ಥರದ ಅಡಿನೋವೈರಸ್ ಹುಡುಗರನ್ನ ಸಾಲು ಸಾಲಾಗಿ ಜ್ವರಕ್ಕೆ ಕೆಡವ್ತಿತ್ತು. 1971ರಿಂದ ಎಲ್ರಿಗೂ ಲಸಿಕೆ ಮಾತ್ರೆ ಕೊಡೋಕೆ ಶುರು ಮಾಡಿದ್ರು, ಕಾಯಿಲೆ ಹೆಚ್ಚುಕಮ್ಮಿ ಮಾಯ. ಆಮೇಲೆ ತಯಾರಿಕೆ ನಿಂತು 1999ಕ್ಕೆ ದಾಸ್ತಾನು ಮುಗೀತು, ಕಾಯಿಲೆ ವಾಪಸ್ ಬಂತು. 2011ರಲ್ಲಿ ಮತ್ತೆ ಲಸಿಕೆ ತಂದ್ರು, ಮತ್ತೆ ಇಳೀತು. ಅಷ್ಟು ವರ್ಷದಲ್ಲಿ ಓಟಾನೂ ಅದೇ, ಬಿಸಿಲೂ ಅದೇ. ಹಾಗಾಗಿ ಅಕ್ಕ, ನಿಮ್ಮ ತಮ್ಮನ ಮೂರು ಕೆಮ್ಮಿಗೆ ಜಾಸ್ತಿ ಪಾಲು ಜೊತೇಲಿ ಮಲಗೋ ಹುಡುಗರದ್ದೇ ಇರತ್ತೆ.

ಆದ್ರೆ ನೀವು ಕೊನೇಲಿ ಬರೆದ್ರಲ್ಲ, ಮೈ ಬಿಸಿ ಇದ್ರೂ ಮಾತ್ರೆ ನುಂಗಿ ಮಾರ್ಚ್ ಮಾಡ್ದ ಅಂತ, ಅದು ಓದಿ ನನ್ನ ಎದೆ ಧಸಕ್ ಅಂತು. ಎಲ್ರೂ ಬಿಸಿಲು ಇಮ್ಯೂನಿಟಿಗೆ ಏನು ಮಾಡತ್ತೆ ಅಂತ ಕೇಳ್ತಿದೀರ. ಪ್ರಾಣ ಹೋಗೋದು ಅದರ ಉಲ್ಟಾ ದಾರೀಲಿ. ಮೊದಲೇ ಸೋಂಕು ಇರೋ ಮೈ ಬಿಸಿಲಿಗೆ ಹೋದ್ರೆ ಶಾಖಾಘಾತ, ಅಂದ್ರೆ ಹೀಟ್ ಸ್ಟ್ರೋಕ್, ಆಗೋ ಅಪಾಯ ತುಂಬಾ ಜಾಸ್ತಿ.

ತಮ್ಮನ_ಅಕ್ಕ
ಅಯ್ಯೋ ಹೆದರಿಕೆ ಆಗ್ತಿದೆ. ಸ್ವಲ್ಪ ಬಿಡಿಸಿ ಹೇಳ್ತೀರಾ? ಜ್ವರದ ಮಾತ್ರೆ ತಗೊಂಡ್ರೆ ಮೈ ತಣ್ಣಗಾಗತ್ತೆ ಅಲ್ವಾ, ಅಂದ್ಮೇಲೆ ಬಿಸಿಲಿಗೂ ಒಳ್ಳೇದೇ ಅಂತ ಅವನು ವಾದ ಮಾಡ್ದ.

ವಾರ್ಡಿನ_ಬೆಳಕು
ಖಂಡಿತ ಹೇಳ್ತೀನಿ. ಜ್ವರ ಅಂದ್ರೆ ಮೆದುಳೇ ಮೈಯ ಬಿಸಿ ಎಷ್ಟಿರಬೇಕು ಅನ್ನೋ ಗುರುತನ್ನ ಮೇಲಕ್ಕೆ ಇಟ್ಟಿರತ್ತೆ, ಮಾತ್ರೆ ಆ ಗುರುತನ್ನ ಕೆಳಕ್ಕೆ ತರತ್ತೆ. ಓಡುವಾಗ ಏರೋ ಬಿಸಿ ಹಾಗಲ್ಲ, ನಾವು ಖರ್ಚು ಮಾಡೋ ಶಕ್ತೀಲಿ ಮುಕ್ಕಾಲು ಪಾಲು ಸ್ನಾಯುಗಳಲ್ಲಿ ಶಾಖ ಆಗೇ ಹೊರಗೆ ಬರತ್ತೆ, ಅದನ್ನ ಬೆವರು ಆರಿಸ್ಬೇಕು. ಆ ಶಾಖದ ಮೇಲೆ ಪ್ಯಾರಾಸಿಟಮಾಲ್‌ಗೆ ಯಾವ ಹಿಡಿತಾನೂ ಇಲ್ಲ. ಐಬುಪ್ರೊಫೆನ್ ಥರದ ನೋವಿನ ಮಾತ್ರೆ ಇನ್ನೂ ಕೆಟ್ಟದ್ದು, ಅದು ಓಡೋವಾಗ ಕರುಳಿನ ಒಳಪದರಕ್ಕೆ ಆಗೋ ಪೆಟ್ಟನ್ನ ಹೆಚ್ಚು ಮಾಡತ್ತೆ.

ಕರುಳು ಯಾಕೆ ಬಂತು ಅಂದ್ರೆ, ಬಿಸಿಲಲ್ಲಿ ಜೋರಾಗಿ ದುಡಿಯೋವಾಗ ರಕ್ತ ಸ್ನಾಯುಗಳಿಗೂ ಚರ್ಮಕ್ಕೂ ಎರಡೂ ಕಡೆ ಬೇಕು, ಆಗ ಹೊಟ್ಟೆ ಕಡೆ ಹೋಗೋ ರಕ್ತ 60ರಿಂದ 80 ಪರ್ಸೆಂಟ್ ತನಕ ಕಡಿತ ಆಗಬಹುದು. ರಕ್ತ ಇಲ್ಲದೆ, ಮೇಲಿಂದ ಶಾಖ ಬೇರೆ, ಕರುಳಿನ ಗೋಡೆಯ ಬೆಸುಗೆ ಸಡಿಲ ಆಗತ್ತೆ. ಒಳಗಿರೋ ಬ್ಯಾಕ್ಟೀರಿಯಾದ ಚೂರುಗಳು, ಎಂಡೋಟಾಕ್ಸಿನ್ ಅಂತೀವಿ, ರಕ್ತಕ್ಕೆ ಸೋರತ್ತೆ. ಯಕೃತ್ತು ಸ್ವಲ್ಪ ಮಟ್ಟಿಗೆ ಸೋಸತ್ತೆ. ಅದು ಮೀರಿದ್ರೆ ಇಮ್ಯೂನ್ ವ್ಯವಸ್ಥೆ ಇಡೀ ದೇಹದಲ್ಲಿ ದಂಡೆದ್ದು ಬಿಡತ್ತೆ, ಉರಿಯೂತ, ರಕ್ತ ಅಲ್ಲಲ್ಲೇ ಹೆಪ್ಪುಗಟ್ಟೋದು, ಕಿಡ್ನಿ ಲಿವರ್ ಕೈ ಕೊಡೋದು. ನೋಡೋಕೆ ಥೇಟ್ ರಕ್ತದಲ್ಲಿ ನಂಜು ಏರಿದ ರೋಗಿ ಥರಾನೇ. ಈಗ ಯೋಚ್ನೆ ಮಾಡಿ, ಮೊದಲೇ ವೈರಸ್ ಜೊತೆ ಗುದ್ದಾಡ್ತಾ ಇರೋ, ಉರಿಯೂತ ಶುರುವಾಗಿರೋ ಮೈಗೆ ಇದು ಬಂದು ಸೇರಿದ್ರೆ ಅಳತೆ ಎಲ್ಲಿ ನಿಲ್ಲತ್ತೆ? ಬಿಸಿಲು ಅಷ್ಟೇನೂ ಇಲ್ಲದ ದಿನ, ಉಳಿದವರೆಲ್ಲ ಸಲೀಸಾಗಿ ಮುಗಿಸಿದ ಮಾರ್ಚಲ್ಲಿ ಒಬ್ಬನೇ ಗಟ್ಟಿ ಹುಡುಗ ಬಿದ್ದ ಅಂದ್ರೆ ನಾವು ಮೊದಲು ಕೇಳ್ತಿದ್ದ ಪ್ರಶ್ನೆ, ಎರಡು ಮೂರು ದಿನದಿಂದ ಹೊಟ್ಟೆ ಕೆಟ್ಟಿತ್ತಾ, ಜ್ವರ ಇತ್ತಾ, ನಿದ್ದೆ ಆಗಿತ್ತಾ ಅಂತ. ತುಂಬಾ ಸಲ ಉತ್ತರ ಹೌದು ಅಂತಾನೇ ಬರ್ತಿತ್ತು, ಅದೂ ಅವನ ಪಕ್ಕದ ಮಂಚದ ಹುಡುಗನ ಬಾಯಿಂದ.

ಜೀವಕೋಶ
ವಾರ್ಡಿನ_ಬೆಳಕು ಅವರು ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ಬಿಸಿ ತನ್ನಷ್ಟಕ್ಕೆ ತಾನು ಏನು ಮಾಡತ್ತೆ ಅಂತ ಬೇರೆ ಮಾಡಿ ನೋಡೋಕೆ ಕೆನಡಾದ ಸೇನಾ ಸಂಶೋಧಕರು ಒಂದು ಚೆಂದದ ಪ್ರಯೋಗ ಮಾಡಿದ್ರು. ಅದೇ ಜನ, ಅದೇ 40 ನಿಮಿಷ ಸೈಕಲ್ ತುಳಿಯೋದು, ಆದ್ರೆ ಮೈ ನೀರಲ್ಲಿ ಮುಳುಗಿಸಿ, ಒಂದ್ಸಲ 39 ಡಿಗ್ರಿ ನೀರು, ಒಂದ್ಸಲ 18 ಡಿಗ್ರಿ. ತಣ್ಣೀರಲ್ಲಿ ತುಳಿದಾಗ ಒಳಮೈ ಬಿಸಿ ಏರ್ಲಿಲ್ಲ, ಬಿಳಿ ಕಣಗಳ ಏರಿಳಿತಾನೂ ಸ್ಟ್ರೆಸ್ ಹಾರ್ಮೋನೂ ತುಂಬಾ ಕಮ್ಮಿ. ಅಂದ್ರೆ ವ್ಯಾಯಾಮದ ಪರಿಣಾಮ ಅಂತ ನಾವು ಕರೆಯೋದ್ರಲ್ಲಿ ದೊಡ್ಡ ಪಾಲು ಒಳಮೈ ಬಿಸಿಯದ್ದು. ಆದ್ರೂ ಬಿಸಿ ಕೋಣೇಲಿ ವ್ಯಾಯಾಮ ಮಾಡಿಸಿದ ಅಧ್ಯಯನಗಳನ್ನೆಲ್ಲ 2006ರಲ್ಲಿ ಒಟ್ಟು ಹಾಕಿ ನೋಡಿದವರು, ಮಾಮೂಲಿ ಹವೆಗಿಂತ ಬಿಸೀಲಿ ಇಮ್ಯೂನಿಟಿಗೆ ಅಂಥಾ ಹೆಚ್ಚುವರಿ ಹಾನಿ ಕಾಣಲ್ಲ ಅಂದ್ರು. ನನ್ನ ಅಭಿಪ್ರಾಯ ಕೇಳಿದ್ರೆ, ಲ್ಯಾಬಲ್ಲಿ ಒಳಮೈ 39.5 ಹತ್ರ ಬಂದ್ರೆ ನಿಲ್ಲಿಸಿ ಅಂತೀವಿ, ಸಾಕಾದ್ರೆ ಸೈಕಲ್ ತುಳಿಯೋನೂ ತಾನೇ ಇಳೀತಾನೆ. ಮಾರ್ಚಲ್ಲಿ ನಿಲ್ಲಿಸು ಅನ್ನೋರಿಲ್ಲ, ಜೊತೆಗಾರರ ಮುಂದೆ ನಿಲ್ಲೋಕೆ ಮನಸ್ಸೂ ಬರಲ್ಲ. ಲ್ಯಾಬಿನ ಸಮಾಧಾನವನ್ನ ಹಾಗೇ ಮೈದಾನಕ್ಕೆ ಒಯ್ಯೋಕಾಗಲ್ಲ.

ಹಳೇ_ಬೂಟು
ಖರೆ ಮಾತು ಮೇಡಂ. ನಾ ಟ್ರೈನಿಂಗ್ ಕೊಡೂ ಮುಂದ ನನ್ನ ಕಣ್ಣ ಮುಂದ ಒಬ್ಬ ಹುಡುಗ ಹಂಗ ಬಿದ್ದಿದ್ದ. ಮಾತು ತೊದಲಾಕ ಹತ್ತಿದ್ದ, ಸಿಟ್ಟಿಗೆದ್ದು ನಮಗ ಬೈಯಾಕ ಹತ್ತಿದ್ದ, ನಾವು ಇವನ ಸೊಕ್ಕು ನೋಡು ಅಂದ್ವಿ. ಅದು ಸೊಕ್ಕಲ್ಲ, ಮೆದುಳಿಗೆ ಬಿಸಿ ಏರಿತ್ತು. ಬದುಕಿದ, ಆದ್ರ ಮತ್ತ ಸರ್ವಿಸಿಗೆ ಬರಲಿಲ್ಲ. ಹಿಂದಿನ ದಿನ ಅವಗ ವಾಂತಿ ಆಗಿತ್ತು, ಹೇಳಿದ್ದಿಲ್ಲ. ಹೇಳೂ ಹಂಗ ನಾವು ಇಟ್ಟಿದ್ದಿಲ್ಲ, ಅದು ನನಗ ಇವತ್ತಿಗೂ ಚುಚ್ಚತದ. ಆಮ್ಯಾಲೆ ನಾ ಮುಂಜಾನೆ ಫಾಲಿನ್ ಆಗಿ ಎಲ್ಲಾರೂ ಸಾಲಾಗಿ ನಿಂತ ಕೂಡಲೆ ಒಬ್ಬೊಬ್ಬನ ಮುಂದ ನಿಂತು ಕಣ್ಣಾಗ ಕಣ್ಣಿಟ್ಟು ಕೇಳತಿದ್ದೆ, ನಿದ್ದಿ ಆತೇನು, ಹೊಟ್ಟಿ ಹ್ಯಾಂಗದ, ಉಚ್ಚಿ ಬಣ್ಣ ಹ್ಯಾಂಗದ ಅಂತ.

ಓಟದ_ಹುಚ್ಚು
ಹಾಗೆ ಬಿದ್ದಾಗ ಆಸ್ಪತ್ರೆಗೆ ಓಡಿಸೋದಕ್ಕಿಂತ ಮುಂಚೆ ಅಲ್ಲೇ ತಣಿಸ್ಬೇಕು ಅನ್ನೋದನ್ನ ಓಟದವರೂ ಕಲಿತಿದೀವಿ. ಅಮೆರಿಕದ ಫಾಲ್ಮತ್ ಅನ್ನೋ ಕಡೆ ಪ್ರತಿ ಆಗಸ್ಟಲ್ಲಿ 7 ಮೈಲಿ ಓಟ ನಡೆಯತ್ತೆ, ಅಲ್ಲಿ 18 ವರ್ಷದಲ್ಲಿ 274 ಜನಕ್ಕೆ ಶಾಖಾಘಾತ ಆಗಿದೆ, ಎಲ್ರನ್ನೂ ಅಲ್ಲೇ ಐಸ್ ನೀರಿನ ತೊಟ್ಟೀಲಿ ಮುಳುಗಿಸಿದಾರೆ, ಒಬ್ರೂ ಸತ್ತಿಲ್ಲ. ಅದೇ 2013ರ ಜುಲೈಲಿ ಬ್ರಿಟನ್ನಿನ ಬ್ರೆಕನ್ ಬೀಕನ್ಸ್ ಬೆಟ್ಟಗಳಲ್ಲಿ ವಿಶೇಷ ಪಡೆಯ ಆಯ್ಕೆ ಮಾರ್ಚಲ್ಲಿ ಮೈ ಬಿಸಿ ಏರಿ ಮೂರು ಜನ ಸತ್ರು.

ವಾರ್ಡಿನ_ಬೆಳಕು
ಹೌದು, ಮೊದಲು ತಣಿಸು ಆಮೇಲೆ ಸಾಗಿಸು ಅನ್ನೋದೇ ಸೂತ್ರ. ಬಿದ್ದ ಅರ್ಧ ಗಂಟೆ ಒಳಗೆ ಇಳಿಸ್ಬೇಕು. ತೊಟ್ಟಿ ಇಲ್ಲ ಅಂದ್ರೆ ಟಾರ್ಪಾಲಲ್ಲಿ ಮಲಗಿಸಿ ಐಸ್ ನೀರು ಸುರೀತಾ ಅಲ್ಲಾಡಿಸ್ತಾ ಇರಬಹುದು. ಕಂಕುಳು, ಕಿವಿ ಥರ್ಮಾಮೀಟರ್ ನಂಬಬೇಡಿ, ಒಳಗೆ 41 ಇದ್ರೂ ಅಲ್ಲಿ 38 ತೋರಿಸಬಹುದು, ಗುದದ್ವಾರದಲ್ಲಿ ನೋಡಿದ್ದೇ ಸರಿ. ಇನ್ನೊಂದು, ಬದುಕಿ ಬಂದ್ಮೇಲೂ ಮುಗಿಯಲ್ಲ. ಹೆಣ್ಣಿಲಿಗಳಲ್ಲಿ ಓಟದಿಂದ ಶಾಖಾಘಾತ ಮಾಡಿಸಿ 30 ದಿನ ಆದ್ಮೇಲೆ ನೋಡಿದ್ರೂ ಅವುಗಳ ಇಮ್ಯೂನ್ ಕಣಗಳು ಮಂಕಾಗೇ ಇದ್ವಂತೆ, ಮೇಲ್ನೋಟಕ್ಕೆ ಪೂರ್ತಿ ಗುಣ ಆದ ಹಾಗೇ ಕಾಣ್ತಿದ್ರೂ.

ಹಸಿರು_ಕ್ಯಾಂಟೀನ್
ಚರ್ಚೆ ಚೆನ್ನಾಗಿದೆ. ವಿಟಮಿನ್ ಮಾತ್ರೆ ಕಳಿಸಿದ್ರೆ ಉಪಯೋಗ ಇದೆಯಾ? ನನ್ನ ಮಗನೂ ಇದೇ ಸ್ಥಿತೀಲಿದಾನೆ. ನೀರು ಎಷ್ಟು ಬೇಕಾದ್ರೂ ಕುಡಿ ಅಂತ ಹೇಳಿದೀನಿ.

ಜೀವಕೋಶ
ವಿಟಮಿನ್ ಸಿ ಬಗ್ಗೆ ಒಂದು ಕುತೂಹಲದ ವಿಷ್ಯ ಇದೆ. ಮಾಮೂಲಿ ಜನರಿಗೆ ದಿನಾ ತಗೊಂಡ್ರೂ ನೆಗಡಿ ಬರೋದು ಕಮ್ಮಿ ಆಗಲ್ಲ. ಆದ್ರೆ ಮ್ಯಾರಥಾನ್ ಓಟಗಾರರು, ಸ್ಕೀ ಮಾಡೋರು, ಚಳಿ ಪ್ರದೇಶದಲ್ಲಿ ಕವಾಯತು ಮಾಡೋ ಸೈನಿಕರು, ಇವರ ಮೇಲಿನ ಐದು ಪ್ರಯೋಗಗಳನ್ನ ಸೇರಿಸಿದ್ರೆ, ಒಟ್ಟು 598 ಜನ, ನೆಗಡಿ ಅರ್ಧಕ್ಕೆ ಇಳೀತು. ಫಿನ್ಲೆಂಡಿನ ಯುವ ಸೈನಿಕರಲ್ಲಿ ವಿಟಮಿನ್ ಡಿ ಕಮ್ಮಿ ಇದ್ದವರು ಉಸಿರಾಟದ ಸೋಂಕಿಂದ ಡ್ಯೂಟಿ ತಪ್ಪಿಸಿದ ದಿನ ಜಾಸ್ತಿ ಇತ್ತು. ಆದ್ರೂ ನಾನು ಮಾತ್ರೆಗಿಂತ ಮುಂಚೆ ಹೊಟ್ಟೆ ತುಂಬ ಊಟ ಅಂತೀನಿ, ಮುಖ್ಯವಾಗಿ ದೀರ್ಘ ಮಾರ್ಚಲ್ಲಿ ಏನಾದ್ರೂ ಸಿಹಿ ಪಿಷ್ಟ ಬಾಯಿಗೆ ಬೀಳ್ತಾ ಇದ್ರೆ ಕಾರ್ಟಿಸಾಲ್ ಅಷ್ಟು ಏರಲ್ಲ.

ನೀರಿನ ವಿಷ್ಯದಲ್ಲಿ ದಯವಿಟ್ಟು ಎಷ್ಟು ಬೇಕಾದ್ರೂ ಅನ್ನಬೇಡಿ. ಬಲವಂತವಾಗಿ ಕುಡಿಸಿ ರಕ್ತದ ಸೋಡಿಯಂ ಇಳಿದು ರಿಕ್ರೂಟ್‌ಗಳು ಸತ್ತ ಮೇಲೆ 1998ರಲ್ಲಿ ಅಮೆರಿಕ ಸೈನ್ಯ ನಿಯಮ ಬದಲಿಸ್ತು, ಗಂಟೆಗೆ ಸುಮಾರು 1.4 ಲೀಟರ್ ಮೀರಬಾರದು, ದಿನಕ್ಕೆ 11 ಲೀಟರ್ ಹತ್ರ ಮೀರಬಾರದು ಅಂತ.

ಹಳೇ_ಬೂಟು
ಇನ್ನೊಂದು ಬಿಸಿಲಿಗೆ ಮೈ ಹೊಂದಿಸೂದು. ಹೊಸಾ ಹುಡುಗೂರಿಗೆ ಮೊದಲ 10ರಿಂದ 14 ದಿನ ಸಾವಕಾಶ ಏರಿಸಬೇಕು. ಥಂಡಿ ಊರಿಂದ ರಜಾ ಮುಗಿಸಿ ಬಂದವನ್ನ ಮರುದಿನಾನೇ ತೂಕ ಹೊರಿಸಿ ಬಿಟ್ರ ಅವ ಎಷ್ಟೇ ಗಟ್ಟಿ ಇರಲಿ ಬೀಳತಾನ.

ಜೀವಕೋಶ
ಸರಿಯಾಗಿ ಹೇಳಿದ್ರಿ. ಆ ಎರಡು ವಾರದಲ್ಲಿ ರಕ್ತದ ದ್ರವ ಹೆಚ್ಚತ್ತೆ, ಬೆವರು ಬೇಗ ಬರತ್ತೆ, ಬೆವರಲ್ಲಿ ಉಪ್ಪು ಕಮ್ಮಿ ಹೋಗತ್ತೆ. ಜೀವಕೋಶದ ಒಳಗೂ ಶಾಖ ಆಘಾತ ಪ್ರೋಟೀನ್‌ಗಳು ಶೇಖರ ಆಗ್ತವೆ, ಬಿಸಿಗೆ ಮುದುಡಿದ ಬೇರೆ ಪ್ರೋಟೀನ್‌ಗಳನ್ನ ಎತ್ತಿ ನಿಲ್ಲಿಸೋದು ಅವೇ. ಹಾಗಾಗಿ ಹದವಾದ ಬಿಸಿಲು ಶತ್ರು ಅಲ್ಲ, ತಯಾರಿ. ಹವೆ ನೋಡೋದಕ್ಕೂ ಬರೀ ಥರ್ಮಾಮೀಟರ್ ಸಾಲಲ್ಲ, ತೇವದ ಬಟ್ಟೆ ಸುತ್ತಿದ ಥರ್ಮಾಮೀಟರಿನ ಅಂಕಿಗೆ 70 ಪರ್ಸೆಂಟ್, ಬಿಸಿಲಲ್ಲಿಟ್ಟ ಕಪ್ಪು ಗೋಳದೊಳಗಿನ ಥರ್ಮಾಮೀಟರಿನದ್ದಕ್ಕೆ 20, ಮಾಮೂಲಿ ಗಾಳಿಯದ್ದಕ್ಕೆ 10 ಕೊಟ್ಟು ಕೂಡಿಸೋ ಡಬ್ಲ್ಯುಬಿಜಿಟಿ ಅಳತೆ ಇದೆ. 1950ರ ದಶಕದಲ್ಲಿ ಅಮೆರಿಕದ ಪ್ಯಾರಿಸ್ ಐಲ್ಯಾಂಡ್ ಅನ್ನೋ ಮರೀನ್ ಪಡೆಯ ಟ್ರೈನಿಂಗ್ ಕ್ಯಾಂಪಲ್ಲಿ ಹುಡುಗರು ಬೀಳ್ತಿದ್ದಾಗಲೇ ಅದು ಬಳಕೆಗೆ ಬಂತು. ತೇವಕ್ಕೆ ಅಷ್ಟು ತೂಕ ಯಾಕೆ ಅಂದ್ರೆ ಗಾಳೀಲಿ ತೇವ ಇದ್ರೆ ಬೆವರು ಹನಿದು ಕೆಳಗೆ ಬೀಳತ್ತೆ, ಆರಲ್ಲ, ಆರದ ಬೆವರು ಮೈ ತಣಿಸಲ್ಲ.

ತಮ್ಮನ_ಅಕ್ಕ
ಎಲ್ರಿಗೂ ಕೈ ಮುಗೀತೀನಿ. ನಿನ್ನೆ ರಾತ್ರಿ ತಮ್ಮನ ಫೋನ್ ಬಂತು. ಕರುಳು ಸೋರೋ ವಿಷ್ಯ, ಆ ವಾಂತಿ ಮುಚ್ಚಿಟ್ಟ ಹುಡುಗನ ವಿಷ್ಯ ಎಲ್ಲ ಓದಿ ಹೇಳ್ದೆ. ಸುಮ್ನೆ ಕೇಳ್ಕೊಂಡ. ಇವತ್ತು ಬೆಳಗ್ಗೆ ಮತ್ತೆ ಮೈ ಬಿಸಿ ಇತ್ತಂತೆ, ಸಿಕ್ ರಿಪೋರ್ಟ್ ಮಾಡಿದಾನೆ, ಡಾಕ್ಟ್ರು ಐದು ದಿನ ರೆಸ್ಟ್ ಬರೆದಿದಾರೆ. ಈಗ ಅವನ ಚಿಂತೆ ಏನಂದ್ರೆ ಬಿಸಿಲಿಗೆ ಹೊಂದಿಕೊಂಡಿದ್ದೆಲ್ಲ ಹೋಗಿ ಮತ್ತೆ ಮೊದಲಿಂದ ಶುರು ಮಾಡ್ಬೇಕಾ ಅಂತ.

ಜೀವಕೋಶ
ಇಲ್ಲ ಅಂತ ಹೇಳಿ. ಐದು ದಿನಕ್ಕೆ ಸ್ವಲ್ಪ ಇಳಿಯತ್ತೆ ಅಷ್ಟೇ, ಮೂರ್ನಾಲ್ಕು ವಾರ ಬಿಸಿಲೇ ಬೀಳದಿದ್ರೆ ಮಾತ್ರ ಹೆಚ್ಚಿನ ಭಾಗ ಹೋಗೋದು, ಅದನ್ನ ವಾಪಸ್ ಪಡೆಯೋಕೂ ಮೊದಲಿನಷ್ಟು ದಿನ ಬೇಡ. ಮಾತ್ರೆ ಇಲ್ಲದೆ ಜ್ವರ ಪೂರ್ತಿ ಬಿಟ್ಟ ಮೇಲೆ ಮೊದಲ ದಿನ ತೂಕ ಇಲ್ಲದೆ ನಡಿಗೆ, ಆಮೇಲೆ ದಿನಾ ಸ್ವಲ್ಪ ಸ್ವಲ್ಪ ಏರಿಸ್ಲಿ.

ಹಳೇ_ಬೂಟು
ತಂಗಿ, ಅವನ ಪಕ್ಕದ ಮಂಚದ ಹುಡುಗಗೂ ಇದು ಓದಿ ಹೇಳಂತ ಹೇಳ್ರಿ. ಇವ ಎದ್ದು ಹೋಗೂ ದಿನ ಅವ ಕೆಮ್ಮಾಕ ಹತ್ತಿರತಾನ.